ಬಿಜಿಎಂಐ ಮುಂದಿನ ಅಪ್‌ಡೇಟ್‌ಗಳಲ್ಲಿ ಏನಿರಬೇಕು? ನಮ್ಮ ಕಡೆಯವರು ಹೇಳಿ

ಕ್ಯಾತ್ಸಂದ್ರ ಸ್ಕ್ವಾಡ್:

ನಾವು ನಾಲ್ಕು ಜನ ಸೇರಿ ಬಿಜಿಎಂಐ ಆಡುತ್ತೇವೆ. ಪಬ್‌ಜಿ ನಿಂತ ಮೇಲೆ ಬಂದ ಮೊಬೈಲ್ ಆಟ ಅದು, ಪ್ಯಾರಾಚೂಟಲ್ಲಿ ಇಳಿದು ಹೊಡೆದಾಡಿ ಕೊನೆಗೆ ಉಳಿದವರು ಗೆಲ್ಲೋದು. ಮೂವರು ತುಮಕೂರಲ್ಲೇ ಇದ್ದೇವೆ. ಒಬ್ಬ ಕೆಲಸಕ್ಕೆ ದಿನಾ ರೈಲಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾನೆ. ಅವನು ಮನೆ ಸೇರಿ ಊಟ ಮುಗಿಸುವ ಹೊತ್ತಿಗೆ ಒಂಬತ್ತೂವರೆ ಆಗಿರುತ್ತದೆ. ಆಮೇಲೆ ಎರಡು ಮ್ಯಾಚ್, ಜಾಸ್ತಿ ಅಂದ್ರೆ ಮೂರು. ಪಬ್‌ಜಿ ಕಾಲದಿಂದಲೂ ನಮ್ಮದು ಇದೇ ರೂಢಿ.

ಸುಮಾರು ಎರಡು ತಿಂಗಳಿಗೊಂದು ದೊಡ್ಡ ಅಪ್‌ಡೇಟ್ ಬರುತ್ತದೆ, ಜೊತೆಗೆ ಒಂದು ಹೊಸ ಥೀಮ್. 2024ರ ಮೇ ತಿಂಗಳಲ್ಲಿ ಮೆಕಾ ಫ್ಯೂಷನ್ ಬಂತು. ದೊಡ್ಡ ಯಂತ್ರಗಳ ಒಳಗೆ ಕೂತು ಹೊಡೆದಾಡಿದೆವು. ಅದೇ ವರ್ಷ ನವೆಂಬರಲ್ಲಿ ಐಸ್‌ಮೈರ್ ಫ್ರಾಂಟಿಯರ್, ಪೂರ್ತಿ ಹಿಮ. ಎರಡೂ ಚೆನ್ನಾಗಿದ್ದವು, ಸುಳ್ಳು ಹೇಳಲ್ಲ. ಆದರೆ ಕಲಿಯುವುದಕ್ಕೆ ಎರಡು ವಾರ, ಕೈಗೆ ಹತ್ತುವುದಕ್ಕೆ ಎರಡು ವಾರ. ಇನ್ನೇನು ರುಚಿ ಹತ್ತಿತು ಅನ್ನುವಾಗ ಅದು ಹೊರಟೇ ಹೋಗಿರುತ್ತದೆ.

ನಾಲ್ವರೂ ಸೇರಿ ತಟ್ಟೆ ಇಡ್ಲಿ ತಿನ್ನುವಾಗ ನಾವು ಯಾವತ್ತೂ ಆ ಯಂತ್ರಗಳ ಮಾತು ಆಡಿಲ್ಲ. ಮಾತೆಲ್ಲ ಆಟದ ಎರಾಂಗೆಲ್ ಮ್ಯಾಪಿನದು: ಪೊಚಿಂಕಿ ಚರ್ಚಿನದು, ಸ್ಕೂಲ್ ಮಹಡಿಯದು, ಮಿಲಿಟರಿ ಬೇಸ್‌ಗೆ ಹೋಗುವ ಸೇತುವೆಯದು. ಯಾಕಂದ್ರೆ ಆ ಜಾಗಗಳು ವರ್ಷಗಟ್ಟಲೆ ಅಲ್ಲೇ ಇವೆ. ಎರಾಂಗೆಲ್ ಅನ್ನೋದು ನಮಗೆ ಇನ್ನೊಂದು ಊರಿದ್ದ ಹಾಗೆ. ಯಾವ ಕಿಟಕಿಯಿಂದ ಯಾವ ಮರ ಕಾಣುತ್ತದೆ ಅಂತ ಗೊತ್ತು.

ಅದಕ್ಕೇ ನನಗೆ ಬೇಕಾಗಿರೋದು ಉಳಿಯುವಂಥ ಜಾಗ. ಅದೂ ನಮ್ಮ ಕಡೆಯದು. ಮಧುಗಿರಿ ಬೆಟ್ಟ ಹತ್ತಿದವರು ಒಂದು ನಿಮಿಷ ಕಣ್ಣು ಮುಚ್ಚಿ ನೆನಪಿಸಿಕೊಳ್ಳಿ. ಇಡೀ ಬೆಟ್ಟ ಒಂದೇ ಕಲ್ಲು. ಸಮುದ್ರ ಮಟ್ಟದಿಂದ 1,193 ಮೀಟರ್. ಒಂದಾದ ಮೇಲೊಂದು ಕೋಟೆ ಬಾಗಿಲು. ಮೇಲೆ ಹೋಗ್ತಾ ಬಂಡೆಯಲ್ಲೇ ಕೊರೆದ ಕಿರಿದಾದ ಮೆಟ್ಟಿಲು, ಪಕ್ಕದಲ್ಲಿ ಕಂಬಿ, ಕೆಳಗೆ ನೋಡಿದರೆ ಕಾಲು ನಡುಗುತ್ತದೆ. ಬುಡದಲ್ಲಿ ಊರು, ದೇವಸ್ಥಾನ, ಬಸ್ ಸ್ಟ್ಯಾಂಡ್. ಪ್ಯಾರಾಚೂಟಲ್ಲಿ ಆ ಬಂಡೆ ಮೇಲೆ ಇಳಿಯುವುದನ್ನು ಯೋಚನೆ ಮಾಡಿ!

ನಿಮ್ಮ ನಿಮ್ಮ ಊರಿನ ಲೆಕ್ಕ ಹೇಳಿ. ಮ್ಯಾಪ್ ಬೇಡ ಅನ್ನುವವರೂ ಯಾಕೆ ಬೇಡ ಅಂತ ಹೇಳಿ.

ಎಂ.ಜಿ. ರಸ್ತೆ ರಿಪೇರಿ:

ಆಸೆ ಚೆನ್ನಾಗಿದೆ ಗುರು. ನಾನು ತುಮಕೂರಲ್ಲಿ ಹನ್ನೊಂದು ವರ್ಷದಿಂದ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ನನ್ನ ಅಂಗಡಿಗೆ ಬರುವ ಆಟದ ಹುಡುಗರಲ್ಲಿ ಹೆಚ್ಚಿನವರ ಕೈಯಲ್ಲಿ ಇರೋದು 4 ಜಿಬಿ ರ್‍ಯಾಮ್ ಫೋನು. ಅಣ್ಣನದೋ ಅಪ್ಪನದೋ ಹಳೇದು. 2021ರ ಜುಲೈ 2ಕ್ಕೆ ಈ ಆಟ ಶುರುವಾದಾಗ 2 ಜಿಬಿ ರ್‍ಯಾಮ್ ಇದ್ದರೆ ಸಾಕು ಅಂದಿದ್ದರು. ಅವತ್ತಿನ ಆಟಕ್ಕೂ ಇವತ್ತಿನದಕ್ಕೂ ಇರುವ ತೂಕದ ವ್ಯತ್ಯಾಸ ನಿಮಗೇ ಗೊತ್ತು.

ಹೊಸ ಥೀಮ್ ಅಂದರೆ ಹೊಸ ಮಾಡೆಲ್ಲು, ಹೊಸ ಬೆಳಕು, ಹೊಸ ಶಬ್ದ. ಎಲ್ಲಾ ಜಾಗ ತಿನ್ನುತ್ತವೆ. ಫೋನ್ ಬಿಸಿಯಾದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳೋಕೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಟದ ಮೊದಲ ಹತ್ತು ನಿಮಿಷ ನೀಟಾಗಿದ್ದು, ಕೊನೇ ಝೋನ್‌ನಲ್ಲಿ, ಅಂದ್ರೆ ಆಡುವ ಜಾಗ ಕುಗ್ಗಿ ಕುಗ್ಗಿ ಕೊನೆಗೆ ಉಳಿದಾಗ, ಸರಿಯಾಗಿ ಕೈ ಕೊಡುವುದು ಇದಕ್ಕೇ. ಹುಡುಗರು ನೆಟ್ ಸರಿ ಇಲ್ಲ ಅಂತ ಬೈಯುತ್ತಾರೆ. ಎಷ್ಟೋ ಸಲ ಅದು ನೆಟ್ ಅಲ್ಲ, ಬಿಸಿ.

ನನ್ನ ಕೇಳಿದರೆ ವರ್ಷದಲ್ಲಿ ಒಂದು ಅಪ್‌ಡೇಟಾದರೂ ಹೊಸದೇನೂ ತರದೆ, ಇರುವುದನ್ನೇ ಹಗುರ ಮಾಡಲಿ. ಅದೇ ದೊಡ್ಡ ಕಂಟೆಂಟು. ಅಲ್ಲಿಯವರೆಗೆ ಆಡದ ಮ್ಯಾಪ್‌ಗಳ ಪ್ಯಾಕ್ ಅಳಿಸಿಬಿಡಿ. ಗ್ರಾಫಿಕ್ಸ್ ಸ್ಮೂತ್‌ನಲ್ಲಿ ಇಡಿ. ಚಾರ್ಜಿಗೆ ಹಾಕಿಕೊಂಡು ಆಡಬೇಡಿ. ಬ್ಯಾಟರಿ ಉಬ್ಬಿದ ಫೋನುಗಳನ್ನು ವಾರಕ್ಕೆ ಎರಡಾದರೂ ನೋಡುತ್ತೇನೆ, ನಿಜವಾಗಲೂ ಹೆದರಿಕೆ ಆಗುತ್ತದೆ.

ನಂದಿ ಮಂಜು:

ರಿಪೇರಿ ಅಣ್ಣನ ಮಾತಿಗೆ ನೂರಕ್ಕೆ ನೂರು ನನ್ನ ಓಟು.

ನಾನು ಚಿಕ್ಕಬಳ್ಳಾಪುರದವನು. ಕಾಲೇಜು ತಂಡದಲ್ಲಿ ಆಡುತ್ತೇನೆ. ನಮ್ಮಂಥವರು ದಿನಾ ಅಭ್ಯಾಸ ಮಾಡೋದು ಎರಾಂಗೆಲ್, ಮಿರಾಮಾರ್, ಸಾನ್‌ಹೋಕ್. ಮೊದಲ ಎರಡು 8ಕ್ಕೆ 8 ಕಿಲೋಮೀಟರ್, ಸಾನ್‌ಹೋಕ್ 4ಕ್ಕೆ 4. ಎಲ್ಲಿ ಗಾಡಿ ಸಿಗುತ್ತದೆ, ಝೋನ್ ಆ ಕಡೆ ಹೋದರೆ ಯಾವ ಗುಡ್ಡ ಹಿಡಿಯಬೇಕು ಅನ್ನುವುದನ್ನು ಕಲಿಯೋಕೇ ವರ್ಷ ಬೇಕು. ಅದರ ಮಧ್ಯೆ ಥೀಮ್ ಬಂದು ಒಂದು ಜಾಗವನ್ನೇ ಎತ್ತಿ ಆಕಾಶಕ್ಕೆ ಇಟ್ಟರೆ ಕಲಿತದ್ದೆಲ್ಲ ವ್ಯರ್ಥ ಅನ್ನಿಸುತ್ತದೆ.

ಮಧುಗಿರಿ ಮ್ಯಾಪ್ ಬಗ್ಗೆ ಒಂದು ಮಾತು. ಬೇಜಾರು ಮಾಡ್ಕೋಬೇಡಿ. ಒಂದೇ ಕಲ್ಲಿನ ಬೆಟ್ಟ, ಮೇಲೆ ಹೋಗೋಕೆ ಒಂದೇ ದಾರಿ. ಮೊದಲು ಹತ್ತಿ ಕೂತ ಸ್ಕ್ವಾಡ್ ಗೆದ್ದ ಹಾಗೇ. ಎಂಟು ಪಟ್ಟಿನ ಸ್ಕೋಪ್ ಇದ್ದರೆ ಇಡೀ ಊರಿಗೆ ಅವರೇ ರಾಜರು. ಕೊನೇ ಝೋನ್ ಬಂಡೆ ತುದಿಗೆ ಬಿತ್ತು ಅಂದ್ರೆ ಕೆಳಗಿದ್ದವರು ಮೆಟ್ಟಿಲ ಮೇಲೇ ಸಾಯಬೇಕು. ನೋಡೋಕೆ ಚಂದ ಇರುವ ಜಾಗ ಆಡೋಕೆ ಚಂದ ಇರಬೇಕು ಅಂತೇನಿಲ್ಲ ಅಲ್ವಾ?

ಕ್ಯಾತ್ಸಂದ್ರ ಸ್ಕ್ವಾಡ್:

ಬೇಜಾರೇನೂ ಇಲ್ಲ ಮಗಾ, ಇಂಥ ಮಾತೇ ಬೇಕಾಗಿದ್ದು. ಆದರೆ ಕೋಟೆ ಕಟ್ಟಿದವರ ಉದ್ದೇಶವೂ ಅದೇ ಅಲ್ವಾ? ಕೆಳಗಿನವನು ಸುಲಭಕ್ಕೆ ಮೇಲೆ ಬರಬಾರದು. ನಮ್ಮ ಕೆಲಸ ಅದನ್ನು ಒಂದಿಷ್ಟು ಮುರಿಯೋದು. ಬೆಟ್ಟದ ಮೇಲೆ ಲೂಟ್, ಅಂದ್ರೆ ಎತ್ತಿಕೊಳ್ಳುವ ಬಂದೂಕು ಸಾಮಾನು, ಕಡಿಮೆ ಇಡಲಿ, ಊರಲ್ಲಿ ಜಾಸ್ತಿ ಇರಲಿ. ಬಂದೂಕು ಬೇಕಂದ್ರೆ ಕೆಳಗೇ ಇಳಿಯಬೇಕು. ಹಿಂಭಾಗದ ಬಂಡೆಗೆ ಹಗ್ಗ ಬಿಟ್ಟರೆ ಇನ್ನೊಂದು ದಾರಿ ಆಗುತ್ತದೆ. ಕೋಟೆ ಬಾಗಿಲುಗಳ ಹತ್ತಿರ ಹೊಗೆ ಬಾಂಬ್ ಹಾಕಿ ನುಗ್ಗೋದು ಎರಾಂಗೆಲ್ ಸೇತುವೆ ದಾಟಿದಷ್ಟೇ ಮಜಾ ಇರುತ್ತದೆ.

ನಿಮ್ಮ ನಂದಿ ಬೆಟ್ಟ ಯಾಕೆ ಆಗಬಾರದು? ಅಲ್ಲಿ ಬೆಳಗಿನ ಮಂಜು ಇದೆಯಲ್ಲ.

ನಂದಿ ಮಂಜು:

ಅದನ್ನು ನಾನು ಯೋಚಿಸಿದ್ದೇನೆ, ಹೇಳೋಕೆ ಸಂಕೋಚ ಆಗಿತ್ತು. 1,478 ಮೀಟರ್ ಮೇಲೆ ಬೆಳಗ್ಗೆ ಆರಕ್ಕೆ ನಿಂತರೆ ಎದುರಿನವನ ಮುಖ ಕಾಣಲ್ಲ. ಅಂಥ ಮಂಜಲ್ಲಿ ಆಟ ಪೂರ್ತಿ ಕಿವಿಯದ್ದೇ. ಹೆಜ್ಜೆ ಸದ್ದು ಕೇಳಿ ಹೊಡೀಬೇಕು. ದೂರದ ಸ್ನೈಪರ್ ಕಾಟ ತಾನಾಗೇ ಕಡಿಮೆ ಆಗುತ್ತದೆ. ಹೊತ್ತು ಏರಿದ ಹಾಗೆ ಮಂಜು ಕರಗಿ, ಕೊನೇ ಝೋನ್ ಹೊತ್ತಿಗೆ ಬಯಲು ಪೂರ್ತಿ ಕಾಣಬೇಕು. ಆಗ ಒಂದೇ ಮ್ಯಾಚಲ್ಲಿ ಎರಡು ಥರದ ಆಟ.

ಎಂ.ಜಿ. ರಸ್ತೆ ರಿಪೇರಿ:

ಇದು ಒಳ್ಳೇ ಯೋಚನೆ. ಮಂಜು ಇದ್ದರೆ ದೂರದ ಮನೆ ಮರಗಳನ್ನು ಫೋನ್ ಬಿಡಿಸಬೇಕಾಗಿಲ್ಲ. ಹಳೇ ಕಾಲದ ಆಟಗಳಲ್ಲಿ ಮಂಜು ಹಾಕುತ್ತಿದ್ದುದು ಎಷ್ಟೋ ಸಲ ಇದೇ ಕಾರಣಕ್ಕೆ. ನಂದಿ ಮ್ಯಾಪ್ ಆದರೆ ನಮ್ಮ 4 ಜಿಬಿ ಹುಡುಗರೂ ಆರಾಮಾಗಿ ಆಡಬಹುದು.

ಪಾವಗಡ ಬಿಸಿಲು:

ಎಲ್ಲರೂ ಬೆಟ್ಟ ಬೆಟ್ಟ ಅಂತೀರಿ. ನಮ್ಮ ಬಯಲಿನ ಕಡೆ ಸ್ವಲ್ಪ ನೋಡಿ. ಪಾವಗಡ ಸೋಲಾರ್ ಪಾರ್ಕ್ ಸುಮಾರು 13,000 ಎಕರೆ, 2,050 ಮೆಗಾವಾಟ್. ಆ 13,000 ಎಕರೆಯನ್ನು ಚದರ ಕಿಲೋಮೀಟರಿಗೆ ತಿರುಗಿಸಿ ನೋಡಿದೆ, 52 ದಾಟುತ್ತದೆ. ಎರಾಂಗೆಲ್ ಸಮುದ್ರ ಸೇರಿಸಿ 64. ಅಂದ್ರೆ ನಮ್ಮೂರ ಪಕ್ಕ ನಿಜವಾಗಲೂ ಒಂದು ಎರಾಂಗೆಲ್‌ನಷ್ಟು ಗಾಜಿನ ಹೊಲ ಇದೆ!

ಫಲಕಗಳ ಸಾಲು ಸಾಲಿನ ನಡುವೆ ನಡೆದರೆ ಒಂದು ಸಾಲು ಪೂರ್ತಿ ಕಾಣುತ್ತದೆ, ಪಕ್ಕದ ಸಾಲು ಕಾಣೋದೇ ಇಲ್ಲ. ಬಗ್ಗಿದರೆ ಕೆಳಗಿಂದ ಕಾಲುಗಳು ಕಾಣುತ್ತವೆ. ಮಲಗಿ ಆಡುವವರಿಗೆ ಇದಕ್ಕಿಂತ ಒಳ್ಳೇ ಜಾಗ ಬೇಕಾ? ಮಧ್ಯೆ ಮಧ್ಯೆ ಹಳ್ಳಿ, ಹುಣಸೆ ಮರ, ಬತ್ತಿದ ಕೆರೆ. ಎತ್ತರಕ್ಕೆ ಬೇಕು ಅಂದ್ರೆ ಪಾವಗಡದ ಕೋಟೆ ಬೆಟ್ಟ ಇದ್ದೇ ಇದೆ.

ಇನ್ನೊಂದು ಮಾತು ಹೇಳಲೇಬೇಕು. ಈ ಜಮೀನು ರೈತರು ಮಾರಿದ್ದಲ್ಲ, ಗುತ್ತಿಗೆಗೆ ಕೊಟ್ಟಿದ್ದು. ನಮ್ಮ ದೊಡ್ಡಪ್ಪ ಕಡಲೆಕಾಯಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಫಲಕ ನಿಂತಿದೆ. ಆಟದಲ್ಲಿ ಅಲ್ಲಿಗೆ ಸುಮ್ನೆ 'ಸೋಲಾರ್' ಅಂತ ಹೆಸರಿಡದೆ ತಿರುಮಣಿ, ವಳ್ಳೂರು ಅಂತ ಊರಿನ ಹೆಸರು ಹಾಕಿದರೆ ದೊಡ್ಡಪ್ಪನಿಗೆ ತೋರಿಸುತ್ತೇನೆ.

ಚಾಂಪಿಯನ್ ರೀಫ್ ಮೊಮ್ಮಗ:

ನಿನ್ನೆಯಿಂದ ಓದುತ್ತಾ ಇದ್ದೇನೆ. ಕೋಲಾರ ಅಂದ ತಕ್ಷಣ ಯಾರಾದರೂ ನಮ್ಮ ಕೆಜಿಎಫ್ ಹೆಸರು ತೆಗೆದೇ ತೆಗೆಯುತ್ತಾರೆ ಅಂತ ಗೊತ್ತಿತ್ತು. ಅದಕ್ಕೆ ಮೊದಲೇ ನಾನೇ ಬರೆಯುತ್ತೇನೆ.

ಆಟಕ್ಕೆ ಅಂತ ನೋಡಿದರೆ ನಮ್ಮೂರಿನಷ್ಟು ತಯಾರಾಗಿರುವ ಜಾಗ ಇನ್ನೊಂದಿಲ್ಲ. ಗಣಿ ಬಾಯಿಯ ಮೇಲೆ ನಿಂತ ಕಬ್ಬಿಣದ ಗೋಪುರಗಳು. ಕಾರ್ಮಿಕರ ಲೈನ್ ಮನೆಗಳು, ಒಂದಕ್ಕೊಂದು ಅಂಟಿಕೊಂಡು ನೂರಾರು. ಆ ಕಡೆ ಬ್ರಿಟಿಷರ ಬಂಗಲೆ, ದೊಡ್ಡ ದೊಡ್ಡ ತೋಟ. ಮಾರಿಕುಪ್ಪಂ ರೈಲು ನಿಲ್ದಾಣ. ಅದರ ಹಿಂದೆ ಸೈನೈಡ್ ಗುಡ್ಡಗಳು, ಮರುಭೂಮಿ ಥರ.

ಆದರೆ ಆ ಗುಡ್ಡ ಏನು ಅಂತ ತಿಳ್ಕೊಂಡು ಆಡಬೇಕು. ಕಲ್ಲನ್ನು ಪುಡಿ ಮಾಡಿ, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣನ್ನು ನೂರು ವರ್ಷ ಸುರಿದು ಸುರಿದು ಆದ ಗುಡ್ಡ ಅದು. ಗಾಳಿ ಬೀಸಿದರೆ ಆ ಪುಡಿ ನಮ್ಮ ಮನೆಯೊಳಗೇ ಬರುತ್ತದೆ. ನಮ್ಮಮ್ಮ ಬೇಸಿಗೆಯಲ್ಲಿ ಕಿಟಕಿ ತೆಗೆಯಲ್ಲ.

ತಾತ ಚಾಂಪಿಯನ್ ರೀಫ್‌ನಲ್ಲಿ ಕೆಳಗೆ ಇಳಿದು ಕೆಲಸ ಮಾಡಿದವರು. ಅಲ್ಲಿನ ಗಣಿ 3 ಕಿಲೋಮೀಟರಿಗಿಂತ ಜಾಸ್ತಿ ಆಳ. ಒತ್ತಡಕ್ಕೆ ಬಂಡೆ ತಾನೇ ಸಿಡಿಯುತ್ತಿತ್ತು. ಊರಲ್ಲಿ ನೆಲ ನಡುಗಿದರೆ ಹೆಂಗಸರು ಗಣಿ ಬಾಗಿಲಿಗೆ ಓಡುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈ ಊರಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದಿತ್ತು, ಬೆಂಗಳೂರಿಗಿಂತ ಮೊದಲು. ಈಗ ಬೆಳಗಾಗುವ ಮುಂಚೆ ರೈಲು ತುಂಬಾ ಜನ ಕೆಲಸಕ್ಕೆ ಅದೇ ಬೆಂಗಳೂರಿಗೆ ಹೋಗುತ್ತಾರೆ.

ಹಾಗಾಗಿ ನನ್ನ ಮನಸ್ಸು ಎರಡಾಗಿದೆ. ಮ್ಯಾಪ್ ಬಂದರೆ ನಮ್ಮೂರ ಹೆಸರು ಎಲ್ಲರ ಬಾಯಲ್ಲಿ ಬರುತ್ತದೆ, ಅದು ಖುಷಿ. ಆದರೆ ಬಂಡೆ ಸಿಡಿಯೋದನ್ನು ಆಟದಲ್ಲಿ ಬಾಂಬ್ ಬೀಳುವ ರೆಡ್ ಝೋನ್ ಥರ ಮಾಡಿ, ಅದರಲ್ಲಿ ಸತ್ತವನ ಡಬ್ಬಿಯಿಂದ ಲೂಟ್ ಎತ್ತುವುದು ನನ್ನ ಕೈಲಾಗಲ್ಲ.

ಕ್ಯಾತ್ಸಂದ್ರ ಸ್ಕ್ವಾಡ್:

ನೀವು ಹೇಳಿದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನಗೆ ಕೆಜಿಎಫ್ ಅಂದ್ರೆ ಬರೀ ಸುರಂಗ ಅಂತ ತಲೇಲಿತ್ತು. ಕ್ಷಮಿಸಿ. ಹಾಗಾದರೆ ಹೇಗೆ ಮಾಡಿದರೆ ನಿಮಗೆ ಒಪ್ಪಿಗೆ ಆಗುತ್ತದೆ?

ಚಾಂಪಿಯನ್ ರೀಫ್ ಮೊಮ್ಮಗ:

ನೆಲದ ಕೆಳಗಿನದು ಬೇಡ. ಮೇಲಿನ ಊರು ಸಾಕು. ಪಾಳಿ ಬದಲಾಗುವಾಗ ಕೂಗುತ್ತಿದ್ದ ಸೈರನ್ ಇತ್ತಲ್ಲ, ಝೋನ್ ಚಿಕ್ಕದಾಗುವಾಗ ಅದೇ ಥರದ ಸೈರನ್ ಕೂಗಲಿ. ನಮ್ಮ ಹಿರಿಯರು ಆ ಕೂಗಿಗೇ ಏಳುತ್ತಿದ್ದರು, ಉಣ್ಣುತ್ತಿದ್ದರು. ಸೈನೈಡ್ ಗುಡ್ಡದ ಮೇಲೆ ಗಾಳಿ ಎದ್ದರೆ ಕಣ್ಣು ಮಂಜಾಗಲಿ, ಹೆಲ್ತ್ ಸ್ವಲ್ಪ ಸ್ವಲ್ಪ ಇಳಿಯಲಿ. ಅದು ನಿಜ. ಅಲ್ಲಿ ಯಾರೂ ಜಾಸ್ತಿ ಹೊತ್ತು ಅವಿತು ಕೂತು ಕ್ಯಾಂಪ್ ಮಾಡಬಾರದು, ಬದುಕೂಬಾರದು.

ಗುಬ್ಬಿ ಅಮ್ಮ:

ನಾನು ಈ ಆಟ ಆಡುವವಳಲ್ಲ. ಮಗ ಪಿಯುಸಿ ಮೊದಲನೇ ವರ್ಷ. ಅವನ ಫೋನಲ್ಲಿ ಇದನ್ನು ನೋಡಿ ಬರೆಯುತ್ತಿದ್ದೇನೆ, ಅವನಿಗೂ ಗೊತ್ತು.

ನಡುವೆ ನಿಂತಿದ್ದ ಈ ಆಟ 2023ರಲ್ಲಿ ವಾಪಸ್ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ ಮೂರು ಗಂಟೆ, ದೊಡ್ಡವರಿಗೆ ಆರು ಗಂಟೆ ಅಂತ ಮಿತಿ ಇಟ್ಟರು. ಅದು ಒಳ್ಳೇದಾಯಿತು. ಓದುವ ಮಕ್ಕಳಿಗೆ ಮೂರು ಗಂಟೆಯೂ ಜಾಸ್ತಿ ಅನ್ನಿಸುತ್ತದೆ, ಅದನ್ನು ನಾವು ಮನೆಯಲ್ಲಿ ಮಾತಾಡಿಕೊಂಡು ಒಂದು ಗಂಟೆ ಮಾಡಿದ್ದೇವೆ.

ನನ್ನ ಕಷ್ಟ ಬೇರೆ. ಬೇರೆ ಒಂದು ಆಟದಲ್ಲಿ ಮಗ ಒಳಗೆ ಏನು ಸಿಗುತ್ತದೋ ಗೊತ್ತಿಲ್ಲದ ಪೆಟ್ಟಿಗೆ ಒಡೆಯೋಕೆ ಅಂತ ನನ್ನ ಫೋನಿಂದ ದುಡ್ಡು ಕಟ್ಟಿದ. ಆ ಪರದೆ ಮೇಲೆ ಏನು ಬರೆದಿದೆ ಅಂತ ನನಗೆ ಅರ್ಥವಾಗಲಿಲ್ಲ. ಎಲ್ಲಾ ಇಂಗ್ಲಿಷ್, ಮೇಲೆ ಮಿಂಚೋ ಬಣ್ಣ. ರೂಪಾಯಿ ಅಲ್ಲ, ಅವರದೇ ನಾಣ್ಯದ ಲೆಕ್ಕ. ಕನ್ನಡದಲ್ಲಿ "ಇದಕ್ಕೆ ಇಷ್ಟು ರೂಪಾಯಿ, ನಿಮಗೆ ಬೇಕಾದ ವಸ್ತು ಸಿಗುವುದು ನೂರಕ್ಕೆ ಇಷ್ಟು ಸಲ" ಅಂತ ದೊಡ್ಡ ಅಕ್ಷರದಲ್ಲಿ ಇದ್ದಿದ್ದರೆ ನಾನು ಅವತ್ತೇ ತಡೆಯುತ್ತಿದ್ದೆ. ನೀವೆಲ್ಲ ಬೆಟ್ಟ ಕೋಟೆ ಕೇಳುತ್ತಿದ್ದೀರಿ. ಕೇಳಿ. ಅದರ ಜೊತೆ ಇದನ್ನೂ ಕೇಳಿ.

ನಂದಿ ಮಂಜು:

ಅಕ್ಕ, ಖಂಡಿತ ಕೇಳುತ್ತೇವೆ. ಯಾವ ಆಟವೇ ಆಗಲಿ, ಕ್ರೇಟ್, ಅಂದ್ರೆ ಆ ಪೆಟ್ಟಿಗೆ, ತೆಗೆಯುವ ಪರದೆ ಅಮ್ಮಂದಿರಿಗೂ ಅರ್ಥ ಆಗುವ ಹಾಗೆ ಇರಲೇಬೇಕು. ಮಗನಿಗೆ ಇನ್ನೊಂದು ಮಾತು ಹೇಳಿ. ದುಡ್ಡು ಕಟ್ಟಿ ರೂಮ್ ಸೇರು, ಗೆದ್ದರೆ ಡಬಲ್ ಅನ್ನುವ ಮೆಸೇಜ್‌ಗಳು ಬರುತ್ತವೆ. ಅದರ ಹತ್ತಿರವೂ ಹೋಗಬಾರದು. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಪಾಸಾಗಿದೆ. ಅದೇ ಕಾನೂನು ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ. ಎರಡೂ ಬೇರೆ ಬೇರೆ.

ಶಿಡ್ಲಘಟ್ಟ ಗೂಡು:

ಕನ್ನಡದ ವಿಷಯ ಬಂತಲ್ಲ, ನನಗೆ ಎಲ್ಲದಕ್ಕಿಂತ ಜಾಸ್ತಿ ಬೇಕಾಗಿರೋದು ಅದು. ಪರದೆ ಕನ್ನಡದಲ್ಲಿ ಇರಬೇಕು, ಆಡುವಾಗ ಒತ್ತಿದರೆ ಜೊತೆಯವರಿಗೆ ಕೇಳುವ ಕ್ವಿಕ್ ಚಾಟ್ ಧ್ವನಿಯೂ ಕನ್ನಡದಲ್ಲಿ ಇರಬೇಕು. ಆಗಲ್ಲ ಅನ್ನುವವರಿಗೆ ಒಂದು ಉದಾಹರಣೆ. ಮೈನ್‌ಕ್ರಾಫ್ಟ್ ಜಾವಾದಲ್ಲಿ ಭಾಷೆಗಳ ಪಟ್ಟಿ ತೆಗೆದು ನೋಡಿ, ಕನ್ನಡ ಇದೆ. ಆಡುವ ಜನರೇ ಕೂತು ಅನುವಾದ ಮಾಡಿದ್ದು.

ಆದರೆ ಯಾವ ಕನ್ನಡ ಅನ್ನೋದು ಮುಖ್ಯ. "ಶತ್ರುಗಳು ಮುಂಭಾಗದಲ್ಲಿ ಗೋಚರಿಸುತ್ತಿದ್ದಾರೆ" ಅಂತ ವಾಕ್ಯ ಮುಗಿಯುವಷ್ಟರಲ್ಲಿ ನಾವು ಗುಂಡು ತಿಂದು ಬಿದ್ದು ನಾಕ್ ಆಗಿರುತ್ತೇವೆ. "ಮುಂದೆ ಅವ್ರೆ!" ಅಂದರೆ ಮುಗೀತು. ಬಿದ್ದವನನ್ನು ಎಬ್ಬಿಸುವ ರಿವೈವ್‌ಗೆ "ಎಬ್ಬಿಸ್ರೋ". ಗಾಡಿಗೆ "ಹತ್ತು ಹತ್ತು". ಲೂಟ್‌ಗೆ ಹೊಸ ಪದವೇ ಬೇಡ. ಇಂಗ್ಲಿಷಿನವರು ಅದನ್ನು ಎತ್ತಿಕೊಂಡಿದ್ದೇ ಹಿಂದಿಯಿಂದ, ನಮ್ಮಲ್ಲೂ ಲೂಟಿ ಇದ್ದೇ ಇದೆ.

ಮುಳಬಾಗಿಲು ದೋಸೆ:

"ಮುಂದೆ ಅವ್ರೆ" ನಿಮ್ಮ ಕಡೆಗೆ ಸರಿ. ಧಾರವಾಡದವರು "ಮುಂದ ಅದಾರ" ಅಂತಾರೆ. ಮಂಗಳೂರಿನವರದು ಇನ್ನೊಂದು. ನಮ್ಮ ಮನೆಯಲ್ಲಿ ತೆಲುಗು ಮಾತು, ಬೀದಿಯಲ್ಲಿ ಕನ್ನಡ, ಗಡಿಯವರು ನಾವು. ಸ್ಕ್ವಾಡಲ್ಲಿ ಕೆಜಿಎಫ್ ಹುಡುಗ ಇದ್ದರೆ ತಮಿಳೂ ಸೇರುತ್ತದೆ. ಒಂದೇ ಕನ್ನಡ ಹಾಕಿದರೆ ಉಳಿದವರು ಇದು ನಮ್ಮದಲ್ಲ ಅಂತಾರೆ.

ಶಿಡ್ಲಘಟ್ಟ ಗೂಡು:

ಅನ್ನಲಿ ಬಿಡಿ, ಅದಕ್ಕೆ ಎರಡು ಮೂರು ಧ್ವನಿ ಪ್ಯಾಕ್ ಮಾಡಲಿ. ಕುಂದಾಪುರದ್ದೂ ಬರಲಿ, ಕಲಬುರಗಿಯದೂ ಬರಲಿ. ಡ್ರೆಸ್‌ಗಳನ್ನು ಅಷ್ಟೊಂದು ಥರ ಮಾಡುವವರಿಗೆ ಇದು ಕಷ್ಟ ಆಗಲ್ಲ. ರೇಷ್ಮೆ ಗೂಡು ಮಾರುಕಟ್ಟೆಯಲ್ಲಿ ನಮ್ಮ ಜೊತೆ ಕೆಲಸ ಮಾಡುವ ಹುಡುಗರು ಚೆನ್ನಾಗಿ ಆಡುತ್ತಾರೆ. ಆದರೆ ಸೆಟ್ಟಿಂಗ್ಸ್ ಒಳಗೆ ಹೋಗೋಕೆ ಹೆದರುತ್ತಾರೆ, ಏನೋ ಒತ್ತಿ ಏನೋ ಆದರೆ ಅಂತ. ಅವರಿಗೆ ಬೇಕಾಗಿರೋದು ಇದು.

ಕ್ಯಾತ್ಸಂದ್ರ ಸ್ಕ್ವಾಡ್:

ಇಷ್ಟೆಲ್ಲ ಬರೆದ ಮೇಲೆ ನನ್ನೊಳಗಿನ ಭಯ ಒಂದನ್ನು ಹೇಳಿಬಿಡುತ್ತೇನೆ. 2020ರ ಸೆಪ್ಟೆಂಬರ್ 2ಕ್ಕೆ ಪಬ್‌ಜಿ ನಿಷೇಧ ಆಯಿತು. 2022ರ ಜುಲೈ 28ಕ್ಕೆ ಬಿಜಿಎಂಐ ಕೂಡ ಪ್ಲೇ ಸ್ಟೋರ್‌ನಿಂದ ಹೋಯಿತು. 2023ರ ಮೇ 29ಕ್ಕೆ ಮತ್ತೆ ಆಡಿದೆವು. ಆ ಹತ್ತು ತಿಂಗಳು ನಮ್ಮ ನಾಲ್ವರ ಮಾತು ಎಷ್ಟು ಕಡಿಮೆ ಆಯಿತು ಅಂದ್ರೆ, ಒಬ್ಬನ ಅಪ್ಪನಿಗೆ ಹುಷಾರಿಲ್ಲ ಅಂತ ನನಗೆ ತಿಳಿದಿದ್ದು ಇಪ್ಪತ್ತು ದಿನ ಆದಮೇಲೆ. ರಾತ್ರಿ ಒಂಬತ್ತೂವರೆಗೆ ಆಟದ ಜೊತೆ ನಾವು ದಿನದ ಸುದ್ದಿ ಹಂಚಿಕೊಳ್ಳುತ್ತಿದ್ದೆವು, ಅದು ನಿಂತಮೇಲೇ ಗೊತ್ತಾಯಿತು. ಮುಂದಿನ ಕಂಟೆಂಟ್ ಅಂದಾಗ ನಾನು ಉಳಿಯೋ ಜಾಗ, ಉಳಿಯೋ ಜಾಗ ಅಂತ ಹಠ ಹಿಡಿಯೋದು ಇದಕ್ಕೇ.

ಪಾವಗಡ ಬಿಸಿಲು:

ಹಾಗಿದ್ದರೆ ಕಂಪನಿಯವರು ಕೊಡಲಿ ಅಂತ ಯಾಕೆ ಕಾಯಬೇಕು ಅಣ್ಣ? ಆಟದಲ್ಲೇ ವರ್ಲ್ಡ್ ಆಫ್ ವಂಡರ್ ಮೋಡ್ ಇದೆಯಲ್ಲ. ಮ್ಯಾಪ್ ನಾವೇ ಕಟ್ಟಿ ಬೇರೆಯವರಿಗೆ ಆಡೋಕೆ ಬಿಡಬಹುದು. ಇಡುವ ವಸ್ತುಗಳಿಗೆ ಮಿತಿ ಇದೆ, ಇಡೀ ಬೆಟ್ಟ ಆಗಲ್ಲ. ಆದರೆ ಒಂದು ಕೋಟೆ ಬಾಗಿಲು, ಅದರ ಮುಂದಿನ ಮೆಟ್ಟಿಲು, ಎರಡು ಬುರುಜು ಆಗುತ್ತದೆ. ನಾನು ಒಂದು ಸಾಲು ಫಲಕ ಮಾಡಿ ನೋಡಿದೆ, ಬೇಲಿ ತುಂಡುಗಳನ್ನು ವಾಲಿಸಿ ಇಟ್ಟು. ನೋಡೋಕೆ ಸುಮಾರಾಗಿದೆ, ಆಡೋಕೆ ಚೆನ್ನಾಗಿದೆ.

ನಂದಿ ಮಂಜು:

ನಾನು ಸೇರುತ್ತೇನೆ. ಮೇಲಿನವರಿಗೂ ಕೆಳಗಿನವರಿಗೂ ಸಮ ಆಗುವ ತನಕ ಆಡಿ ಆಡಿ ತಿದ್ದುವ ಕೆಲಸ ನಮ್ಮ ತಂಡದ್ದು. ನಾಲ್ಕಕ್ಕೆ ನಾಲ್ಕು ಆಟ, ಎರಡು ಕಡೆಯೂ ಬದಲಿಸಿ. ಹತ್ತರಲ್ಲಿ ಏಳು ಸಲ ಮೇಲಿನವರೇ ಗೆದ್ದರೆ ಬಾಗಿಲು ಅಗಲ ಮಾಡೋಣ.

ಚಾಂಪಿಯನ್ ರೀಫ್ ಮೊಮ್ಮಗ:

ಮಧುಗಿರಿ ಮುಗಿದ ಮೇಲೆ ನಮ್ಮ ಲೈನ್ ಮನೆ ಸಾಲು ಒಂದು ಮಾಡೋಣ. ಅಳತೆ ನಾನು ಕೊಡುತ್ತೇನೆ, ತಾತ ಇದ್ದ ಮನೆ ಇನ್ನೂ ಇದೆ.

ಎಂ.ಜಿ. ರಸ್ತೆ ರಿಪೇರಿ:

ಪ್ರತಿ ಸಲ ಮೊದಲು ನನ್ನ ಅಂಗಡಿಯ ಹಳೇ 4 ಜಿಬಿ ಫೋನಲ್ಲಿ ಹಾಕಿ ನೋಡೋಣ. ಅದರಲ್ಲಿ ಓಡಿದರೆ ಎಲ್ಲರ ಹತ್ತಿರವೂ ಓಡುತ್ತದೆ.

ಗುಬ್ಬಿ ಅಮ್ಮ:

ಮಗ ಬರುತ್ತಾನಂತೆ. ಅವನ ಒಂದು ಗಂಟೆಯಲ್ಲಿ ಕಟ್ಟುವ ಕೆಲಸ ಮಾಡಲಿ, ನನ್ನ ಒಪ್ಪಿಗೆ ಇದೆ. ಬಾಗಿಲುಗಳ ಹೆಸರು ಕನ್ನಡದಲ್ಲೇ ಬರೆಸಿ.

ಕ್ಯಾತ್ಸಂದ್ರ ಸ್ಕ್ವಾಡ್:

ಬರೆಸುತ್ತೇವೆ ಅಕ್ಕ. ಹಾಗಾದರೆ ಈ ಭಾನುವಾರ ಬೆಳಗ್ಗೆ ಆರೂವರೆಗೆ ಮಧುಗಿರಿ ಬೆಟ್ಟದ ಮೊದಲನೇ ಬಾಗಿಲ ಹತ್ತಿರ ಸಿಗೋಣ. ಮೆಟ್ಟಿಲು ಎಣಿಸಬೇಕು, ಬಾಗಿಲುಗಳ ಅಗಲ ಅಳೆಯಬೇಕು, ಪ್ರತಿ ತಿರುವಲ್ಲೂ ಫೋಟೋ ಬೇಕು. ಟೇಪು ನಾನು ತರುತ್ತೇನೆ. ಬಿಸಿಲು ಏರುವ ಮುಂಚೆ ಇಳಿಯಬೇಕು, ಒಬ್ಬೊಬ್ಬರೂ ಎರಡು ಲೀಟರ್ ನೀರು ತನ್ನಿ. ಬಂಡೆ ಮೇಲೆ ಜಾರದಂಥ ಶೂ ಹಾಕಿ ಬನ್ನಿ.